ಎಂಜಿನ್ ಯಾರಿಗೆ ಒಪ್ಪಿಸಿದ?

ದುರ್ಗಿಗುಡಿಯ ನಮ್ಮ ಆಫೀಸಿನಲ್ಲಿ ಬಾಹ್ಯಾಕಾಶ ಯುದ್ಧದ ವಿಡಿಯೊ ಗೇಮ್ ಒಂದನ್ನು ನಡೆಸುತ್ತಿದ್ದೆವು. ಆ ಲೋಕವನ್ನು ಬೆಳೆಸಲು ವಾರಕ್ಕೊಂದು ಕಥೆ ಬೇಕಿತ್ತು. ಬರೆಯಲು ಬಂದವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹಳೆಯ ಫೋರ್‌ಮನ್. ಗೇಮ್ ಆಡಿದವರಲ್ಲ, ಕುಲುಮೆ ಕಾದವರು.

ನಮ್ಮ ನಾಯಕ ನೌಕೆಯಿಂದ ಜಿಗಿದು ಶತ್ರುಗ್ರಹವನ್ನು ಸುಡುವ ದೃಶ್ಯ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು: "ಅಲ್ಲ ಮಾರಾಯ, ಎಂಜಿನ್ ಯಾರಿಗೆ ಒಪ್ಪಿಸಿ ಹೋದ?" ನಾವು ಟೀ ಕುಡಿಯಲು ಎದ್ದರೂ ಇದೇ ಪ್ರಶ್ನೆ: "ಯಾರಿಗೆ ಒಪ್ಪಿಸಿದೆ?"

ನಾಯಕ ಯಾರಿಗೂ ಒಪ್ಪಿಸಿರಲಿಲ್ಲ. ಹಾಗಾಗಿ ಅವರು ಎಂಜಿನ್ ಕೋಣೆಯಲ್ಲಿ ಒಬ್ಬನನ್ನು ಕೂರಿಸಿದರು. ಮುಂದಿನ ಪಾಳಿಯ ರಿಲೀವರ್ ಬರುವವರೆಗೆ ಕದಲದ ಮನುಷ್ಯ. ಸಾಮ್ರಾಜ್ಯಗಳು ಬಿದ್ದವು, ನಕ್ಷತ್ರಗಳು ಆರಿದವು; ಆತ ರಿಜಿಸ್ಟರಿನಲ್ಲಿ ಉಷ್ಣತೆ ಬರೆಯುತ್ತಲೇ ಇದ್ದ. ಆಟಗಾರರು ನಾಯಕನನ್ನು ಬಿಟ್ಟು ಇವನನ್ನೇ ವಿಚಾರಿಸತೊಡಗಿದರು. ನಾಯಕನ ಕವಚಕ್ಕೆ ಆರು ತಿಂಗಳು ಬಣ್ಣ ಹಚ್ಚಿದ್ದವನು ನಾನು.

"ಇವನನ್ನ ಸ್ಫೋಟದಲ್ಲಿ ಸಾಯಿಸಿಬಿಡಿ, ಜನ ಅಳ್ತಾರೆ," ಎಂದರು ಮಾಲೀಕರು.

"ರಿಲೀವರ್ ಬಂದಿಲ್ವಲ್ಲ ಸಾರ್, ಹೆಂಗೆ ಸಾಯ್ತಾನೆ?" ಎಂದರು ಫೋರ್‌ಮನ್.

ಕೊನೆಗೆ ಗೇಮೇ ಸತ್ತಿತು. ಸರ್ವರ್ ಆರಿಸುವ ದಿನವೂ ಅವರು ಒಂದು ಕಥೆ ತಂದರು. ಅದರಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ರಿಲೀವರ್ ಬರುತ್ತಾನೆ. ಎಂಜಿನ್ ಮನುಷ್ಯ ರಿಜಿಸ್ಟರಿಗೆ ಸಹಿ ಹಾಕಿ, ಅಂಗಿ ಬದಲಿಸಿ, ಮನೆಗೆ ಹೋಗುತ್ತಾನೆ.

"ಇನ್ಯಾರು ಓದ್ತಾರೆ ಸಾರ್ ಇದನ್ನ?" ಎಂದೆ.

ಅವರು ಕನ್ನಡಕವನ್ನು ಹಣೆಗೇರಿಸಿದರು. "ನಮ್ ಕುಲುಮೆ ಆರಿಸಿದ ದಿನ ರಿಲೀವರ್ ಬರ್ತಾನೆ ಅಂತ ಸಂಜೆವರೆಗೂ ಕಾದೆ ಮಾರಾಯ. ಕೊನೆಗೆ ಬಂದೋನು ಗೇಟಿಗೆ ಬೀಗ ಹಾಕೋನು. 'ನೀವಿನ್ನೂ ಇಲ್ಲೇ ಇದೀರಾ?' ಅಂದ."