ಪಾಚಿಯ ಮೇಲಿನ ಬಿಳಿ ಪುಡಿ

ದಡದಲ್ಲಿ ಕೊಳೆತು ನಾರುವ ಪಾಚಿಯನ್ನು ಗೋರಿ ತಂದು ಬಿಯರಿಗೆ ಸುರಿಯುತ್ತಾಳೆಂದು ಬೀದಿಯವರು ಪಾಚಿಯಕ್ಕನನ್ನು ಆಡಿಕೊಳ್ಳುವ ಮಾತು ಅಪ್ಪಟ ಸುಳ್ಳು. ಆಕೆ ಬಳಸುವುದು ಬಂಡೆಯಿಂದ ಕೊಯ್ದು ಒಣಗಿಸಿದ ಅಗಲ ಎಲೆಯ ಕಡಲಪಾಚಿ. ಮೊಳಕೆ ಬಾರ್ಲಿಯ ರಸ ಕುದಿಯುವಾಗ ಅದನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತಾಳೆ. ಇದಕ್ಕೂ ಮೊದಲು ಬೀಟ್‌ರೂಟು ಹಾಕಿ ಕೆಡಿಸಿದ್ದುಂಟು, ಅಣಬೆ ಹಾಕಿ ಕೆಡಿಸಿದ್ದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ.

ಅಣ್ಣನ ಬಿಯರು ತಯಾರಿಕೆಯ ಶೆಡ್ಡಿನಲ್ಲಿ ಆಕೆ ವರ್ಷಗಟ್ಟಲೆ ಟ್ಯಾಂಕು ತಿಕ್ಕಿದವಳು. ಮೂಲೆಯ ಚಿಕ್ಕ ಟ್ಯಾಂಕು ಆಕೆಯ ಪಾಲಿಗೆ ಬಂದದ್ದು ಹೋದ ವರ್ಷವಷ್ಟೇ. ಅದಕ್ಕೂ ಈಗ ಕುತ್ತು ಬಂದಿತ್ತು.

"ಈ ಸಲಾನೂ ಕೈಕೊಟ್ರೆ ಟ್ಯಾಂಕ್ ನಂಗೆ ಬಿಡು, ತಾಯಿ. ನನ್ನ ಮಾಮೂಲಿ ಬಿಯರ್‌ಗೇ ಜಾಗ ಸಾಲ್ತಿಲ್ಲ," ಎಂದಿದ್ದ ಅಣ್ಣ.

ಬಿಯರು ಹದಕ್ಕೆ ಬಂದ ದಿನ ಅವನು ಲೋಟವೆತ್ತಿ ಒಂದು ಗುಟುಕು ಕುಡಿದ. ಬಾಯಲ್ಲೇ ಆಡಿಸಿದ. "ಇದ್ರಲ್ಲಿ ಕಡಲು ಎಲ್ಲಿದೆಯೇ? ಬಾವಿ ನೀರಿದ್ದಂಗಿದೆ."

ಪಾಚಿಯಕ್ಕ ತಾನೂ ಕುಡಿದಳು. ಅವನು ಹೇಳಿದ್ದು ನಿಜ. ಹೀಗೇಕಾಯಿತೆಂದು ಆಕೆಗೆ ಹೊಳೆಯಲೇ ಇಲ್ಲ.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಹೆಮ್ಮೆಯಿಂದ ಹೇಳಿದಳು: "ಚೊಕ್ಕಟವಾಗಿದೆ ತಾನೇ? ಎಲೆ ಮೇಲೆಲ್ಲ ಬಿಳೀ ಬೂಷ್ಟು ಹಿಡಿದಿತ್ತು. ನೀನು ಒಲೆ ಹತ್ರ ಇದ್ದಾಗ ನಾನೇ ತಿಕ್ಕಿ ತಿಕ್ಕಿ ತೊಳೆದು ಮತ್ತೆ ಬಟ್ಟೇಲಿ ಕಟ್ಟಿಟ್ಟೆ."

ಅದು ಬೂಷ್ಟಲ್ಲ. ಪಾಚಿ ಒಣಗುವಾಗ ಒಳಗಿನ ಸಾರವೇ ಮೇಲೆ ಬಂದು ಪುಡಿಗಟ್ಟುತ್ತದೆ. ರುಚಿಯ ಬಹುಪಾಲು ಇರುವುದೇ ಅದರಲ್ಲಿ. ಪಾಚಿಯಕ್ಕ ಅಮ್ಮನ ಮುಖ ನೋಡಿದಳು. ಆಮೇಲೆ ಅಣ್ಣನತ್ತ ತಿರುಗಿದಳು.

"ಅಣ್ಣ, ಪಾಚಿ ಇನ್ನೊಂದು ಕಟ್ಟು ಉಳಿದಿದೆ. ಒಂದು ವಾರ ಕೊಡು."

"ಕೊಟ್ಟೆ. ಅಮ್ಮನ್ನ ಮಾತ್ರ ಈ ಕಡೆ ಬಿಡ್ಬೇಡ."

"ನಿಮ್ಮಿಬ್ರನ್ನೂ ನಾನು ಬೂಷ್ಟು ತಿನ್ನಿಸಿ ಬೆಳೆಸಿಲ್ಲ ಕಣೋ," ಎಂದು ಅಮ್ಮ ಸಿಡುಕಿದಳು.

ಉಳಿದ ಕಟ್ಟಿನ ಮರಳನ್ನಷ್ಟೇ ಕೊಡವಿ, ಬಿಳಿ ಪುಡಿಯ ಸಮೇತ ಕುದಿನೀರಿನಲ್ಲಿ ನೆನೆಸಿ, ಆರಿಸಿದ ಆ ನೀರನ್ನು ಪಾಚಿಯಕ್ಕ ಟ್ಯಾಂಕಿಗೆ ಸೇರಿಸಿದಳು.

ವಾರದ ನಂತರ ಅಣ್ಣ ಮತ್ತೆ ಕುಡಿದ. ಹೊಗಳುವ ಜಾಯಮಾನ ಅವನದಲ್ಲ. ಇನ್ನೊಂದು ಲೋಟ ತುಂಬಿಸಿಕೊಂಡ. ಆಮೇಲೆ ಚಿಕ್ಕ ಟ್ಯಾಂಕಿನ ಪಕ್ಕ ಆಗಲೇ ತಂದಿಟ್ಟಿದ್ದ ತನ್ನ ಬಾರ್ಲಿ ಮೂಟೆಗಳನ್ನು ಒಂದೊಂದಾಗಿ ಹೊತ್ತು ಆಚೆ ಮೂಲೆಗೆ ಸಾಗಿಸತೊಡಗಿದ.

ಅಮ್ಮ ಮಾತ್ರ ಲೋಟ ಮುಟ್ಟಲಿಲ್ಲ. "ತೊಳೀದೇ ಇರೋದನ್ನ ನೀವೇ ಕುಡೀರಿ," ಎಂದಳು.