ಡಾಸ್ ಫ್ಲಾಪಿಗೆ ಏರಿಸಿದ ಭಂಡಾರ

ಹಯಾತಿ ದಾಖಲೆಗೆಂದು ಜತ್ತಿನ ಕಂಪ್ಯೂಟರ್ ಕೇಂದ್ರಕ್ಕೆ ಹೋಗಿದ್ದೆ. ನಿವೃತ್ತ ಮಾಸ್ತರ ಇನ್ನೂ ಬದುಕಿದ್ದಾನೆಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ತೋರಿಸಬೇಕಲ್ಲ. ಕಂಪ್ಯೂಟರು ಅಪ್‌ಡೇಟ್ ಆಗುತ್ತ ಕುಳಿತಿತ್ತು. ‘ಸ್ವಲ್ಪ ಕುಂದ್ರಿ ಸರ್’ ಎಂದರು ಕೇಂದ್ರ ನಡೆಸುವ ಹೆಣ್ಣುಮಗಳು, ಎಲ್ಲರೂ ಕರೆಯುವ ಹಾಗೆ ಬಾಯಿಯವರು. ಬೆಂಚಿನ ಮೇಲೆ ಆಗಲೇ ನಾಲ್ಕು ಜನರಿದ್ದರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಆ ಜಾತಿಯವನು ನಾನು. ನನ್ನ ಹಳೆಯ ಕಥೆ ತೆಗೆದೆ.

‘ಈಗಿನ ಕಂಪ್ಯೂಟರಿಗೆ ಬುದ್ಧಿ ಒಳಗ ಐತ್ರಿ. ಆವಾಗ ನಾವು ದಿನಾ ತುರುಕಬೇಕಾಗಿತ್ತು.’

ನಿಜ ಮಾತು. ಹಪ್ಪಳದಷ್ಟು ತೆಳುವಾದ ಕರಿ ಫ್ಲಾಪಿಯೊಳಗೆ ಯಂತ್ರವನ್ನು ಎಬ್ಬಿಸುವ ಡಾಸ್ ಎಂಬ ಪ್ರೋಗ್ರಾಂ ಇರುತ್ತಿತ್ತು. ಅದನ್ನು ಹಾಕಿದರೆ ಯಂತ್ರ ಗರಗರ ಅಂದು ಕಪ್ಪು ಪರದೆಯ ಮೇಲೆ ಒಂದು ‘ಎ’ ತೋರಿಸುತ್ತಿತ್ತು. ಚಿತ್ರವಿಲ್ಲ, ಮೌಸಿಲ್ಲ. ಅಕ್ಷರ ತಪ್ಪಿದರೆ ಇಂಗ್ಲಿಷಿನಲ್ಲಿ ಬೈಗುಳ. ಸಾಂಗ್ಲಿಯಲ್ಲಿ ಎಂಟು ದಿನ ಕಲಿತು ಬಂದ ನಾನು, ಸಾಲಿ ಬಿಟ್ಟ ಮೇಲೆ ಸಂಜೆ ಒಂದು ಖಾಸಗಿ ಕ್ಲಾಸಿನಲ್ಲಿ ಕಂಪ್ಯೂಟರ್ ಸರ್ ಆಗಿದ್ದೆ. ಬರುತ್ತಿದ್ದುದು ಆರು ಕಮಾಂಡು. ಏಳನೆಯದನ್ನು ಕೇಳಿದವರಿಗೆ ‘ಮುಂದಿನ ವಾರ’ ಎನ್ನುತ್ತಿದ್ದೆ.

ಖಂಡೇನವಮಿ ಬಂತು. ನಮ್ಮ ಕಡೆ ಅಂದು ನೇಗಿಲ ಕುಡ, ಕತ್ತರಿ, ತಕ್ಕಡಿ ಎಲ್ಲಕ್ಕೂ ಪೂಜೆ. ಕಂಪ್ಯೂಟರಿಗೂ ಕುಂಕುಮ ಹಚ್ಚಿದೆ. ಆದರೆ ಅದರ ಜೀವ ಇರುವುದು ಫ್ಲಾಪಿಯಲ್ಲಲ್ಲವೇ? ಜಾಣ ನಾನು, ಅದನ್ನು ಲಕೋಟೆಯಿಂದ ತೆಗೆದು ತಾಟಿನಲ್ಲಿಟ್ಟು ಮುಷ್ಟಿ ತುಂಬ ಭಂಡಾರ ಏರಿಸಿದೆ. ಫ್ಲಾಪಿಯ ನಡುವಿನ ಸೀಳಿನಿಂದ ಅರಿಷಿಣ ಪುಡಿ ಒಳಗೆ ಇಳಿಯಿತು. ಎರಡು ದಿನ ಬಿಟ್ಟು ಹಾಕಿದರೆ ಯಂತ್ರ ಕಿರ್ರೆಂದಿತು, ‘ಎ’ ಬರಲೇ ಇಲ್ಲ. ಇದ್ದದ್ದು ಅದೊಂದೇ ಫ್ಲಾಪಿ.

ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ಮದುವೆ ಮನೆಗಳಲ್ಲಿ ಹೇಳಿ ಹದ ಮಾಡಿದ ಕಥೆ ಇದು.

‘ಅರ್ಧಾ ಹೇಳಿದ್ರಿ ಸರ್’ ಎಂದರು ಬಾಯಿಯವರು, ಪರದೆಯಿಂದ ಕಣ್ಣು ತೆಗೆಯದೆ. ‘ಆಮ್ಯಾಲ ಏನಾತು?’

ಆಗ ಮುಖ ಸರಿಯಾಗಿ ನೋಡಿದೆ. ತಿಕೋಂಡಿಯ ರಜಿಯಾ. ಆ ಕ್ಲಾಸಿನಲ್ಲಿದ್ದ ಒಬ್ಬಳೇ ಹುಡುಗಿ. ಕಲಾಯಿ ಕೆಲಸದ ಅವಳಪ್ಪ ಮೊದಲು ಒಲ್ಲೆನೆಂದು, ಕೊನೆಗೆ ಹೇಗೋ ಒಪ್ಪಿ ಕಳಿಸಿದ್ದ. ಕ್ಲಾಸಿನ ಮಾಲಕರು ಫ್ಲಾಪಿ ಕೆಡಿಸಿದವರು ಯಾರೆಂದು ಕೇಳಿದಾಗ ಹೆದರಿ, ‘ರಜಿಯಾ ಮುಟ್ಟಿದ್ಳು’ ಎಂದಿದ್ದೆ. ಅಂದೇ ಅವಳ ಹೆಸರು ತೆಗೆದರು. ಕಥೆಯ ಈ ಭಾಗವನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರೂ ನಗುವುದಿಲ್ಲ.

‘ಆರು ವರ್ಷ ಮನ್ಯಾಗ ಕುಂತ್ನಿರಿ’ ಎಂದರು ರಜಿಯಾ. ‘ನಮ್ಮ ಅಬ್ಬಾ ಮತ್ತ ಎಲ್ಲೀಗೂ ಕಳಸ್ಲಿಲ್ಲ.’

ಎದ್ದು ಬೆಂಚಿನ ಕಡೆ ತಿರುಗಿದೆ. ‘ಫ್ಲಾಪಿ ಕೆಡಿಸಿದಾಂವ ನಾ. ಹೆಸರು ಹೇಳಿದ್ದು ಇವರದು. ಇವರು ಅದನ್ನ ಮುಟ್ಟಿದ್ದೂ ಇಲ್ಲ.’

ಅಪ್‌ಡೇಟ್ ಮುಗಿದಿತ್ತು. ರಜಿಯಾ ಹೆಬ್ಬೆಟ್ಟಿನ ಯಂತ್ರವನ್ನು ನನ್ನ ಕಡೆ ಸರಿಸಿದರು.

‘ಈ ಮಾತು ನಮ್ಮ ಅಬ್ಬಾಗ ಹೇಳಬೇಕಾಗಿತ್ರಿ ಸರ್. ಅವರು ಹೋಗಿ ಎರಡು ವರ್ಷ ಆತು. ಹೆಬ್ಬಟ್ಟು ಇಡ್ರಿ.’