ನೋವಿಗೂ ಚೌಕಾಸಿ ಮಾಡಿದ್ದೆ

ಎರಡು ವರ್ಷದ ಹಿಂದಿನ ಮಾತು. ಶ್ರಾವಣದ ವ್ಯಾಪಾರ ಜೋರಾಗಿತ್ತು. ಸಂಪಿಗೆ ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿ ನನ್ನದೊಂದು ರವಿಕೆ ಕಣದ ಅಂಗಡಿಯಿದೆ. ತಳ್ಳುಗಾಡಿಯಿಂದ ಶುರುಮಾಡಿ ನಾನೇ ಕಟ್ಟಿದ್ದು. ಮುಟ್ಟು ನಿಂತು ಕೆಲವು ವರ್ಷಗಳಾದ ಮೇಲೆ ಯೋನಿಯ ಬಾಯಿಯ ಹತ್ತಿರ ಉರಿ ಶುರುವಾಗಿತ್ತು. ಸ್ಟೂಲಿನ ಮೇಲೆ ಕುಳಿತರೆ ಕೆಂಡದ ಮೇಲೆ ಕುಳಿತಂತೆ. ದಿನವಿಡೀ ನಿಂತೇ ವ್ಯಾಪಾರ. ಮಂಡಿ ಸೋತು, ಅಂಗಡಿ ಮುಚ್ಚಿಬಿಡೋಣ ಎನ್ನುವಲ್ಲಿಗೆ ಬಂದಿದ್ದೆ.

ಯಾರಿಗೆ ಹೇಳುವುದು? ಉಷ್ಣವಿರಬೇಕೆಂದು ಮೆಂತ್ಯ ನೆನೆಸಿ ಕುಡಿದೆ. ಕೊಳೆಯಿರಬೇಕೆಂದು ಗಾಯ ತೊಳೆಯುವ ಔಷಧಿ ಬೆರೆಸಿದ ನೀರಿನಲ್ಲಿ ದಿನಕ್ಕೆ ಮೂರು ಸಲ ತೊಳೆದೆ. ಉರಿ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ಒಂದು ದಿನ ನನ್ನ ಖಾಯಂ ಗಿರಾಕಿ, ನಿವೃತ್ತ ಟೀಚರ್ ವಿಮಲಾ ಮೇಡಂ, “ಏನ್ರೀ ರತ್ನಮ್ಮ, ಸ್ಟೂಲ್‌ನ ಪೂಜೆಗಿಟ್ಟಿದೀರಾ? ಒಂದಿನಾನೂ ಕೂತಿದ್ದು ನೋಡ್ಲಿಲ್ಲ” ಎಂದರು. ನಗಲು ಹೋಗಿ ಅತ್ತುಬಿಟ್ಟೆ, ಉರಿಯ ವಿಷಯ ಹೇಳಿಕೊಂಡೆ. ಮಾರನೆಯ ದಿನವೇ ಬಸವನಗುಡಿಯ ಹೆಂಗಸರ ಡಾಕ್ಟರ ಬಳಿ ಕರೆದೊಯ್ದರು.

ಡಾಕ್ಟರಮ್ಮನಿಗೆ ನನ್ನ ಮಗಳ ವಯಸ್ಸು. “ನೋವು ಹತ್ತರಲ್ಲಿ ಎಷ್ಟಮ್ಮ?” ಎಂದರು. ಚಿಕ್ಕಪೇಟೆಯಲ್ಲಿ ಸರಕು ಕೊಳ್ಳುವಾಗ ಅರ್ಧ ಬೆಲೆಯಿಂದ ಚೌಕಾಸಿ ಶುರುಮಾಡುವವಳು ನಾನು. ಜಾಸ್ತಿ ಹೇಳಿದರೆ ಆಪರೇಷನ್ ಎನ್ನುತ್ತಾರೆಂದು ಹೆದರಿ, “ಮೂರೋ ನಾಲ್ಕೋ ಇರ್ಬೋದು” ಎಂದೆ.

ಮಲಗಿಸಿ, ಕಿವಿಗೆ ಹಾಕುವಂಥ ಹತ್ತಿಕಡ್ಡಿ ತೋರಿಸಿದರು. “ಇಷ್ಟೇ ಅಮ್ಮ. ಬೇಡ ಅಂದ ಕೂಡ್ಲೇ ನಿಲ್ಲಿಸ್ತೀನಿ.” ಗಡಿಯಾರದ ಮುಳ್ಳು ಸರಿದ ಹಾಗೆ ಒಂದೊಂದೇ ಜಾಗ ಮೆಲ್ಲಗೆ ಮುಟ್ಟುತ್ತ ಬಂದರು. ಇಲ್ಲಿ ಇಲ್ಲ, ಇಲ್ಲೂ ಇಲ್ಲ. ಕೆಳಗೊಂದು ಕಡೆ ತಾಗಿದ್ದೇ ತಡ, ಚೀರಿ ಎದ್ದು ಕುಳಿತೆ.

“ಇದು ಎಂಟಮ್ಮ. ನನ್ನ ಹತ್ರಾನೂ ಚೌಕಾಸೀನಾ?”

ವರ್ಷಗಟ್ಟಲೆ ನನಗೇ ಬೆರಳಿಟ್ಟು ತೋರಿಸಲಾಗದ ನೋವು, ಚಿಟಿಕೆ ಹತ್ತಿಗೆ ಸಿಕ್ಕಿಬಿದ್ದಿತ್ತು!

ಸೋಂಕೂ ಇಲ್ಲ, ಚರ್ಮರೋಗವೂ ಇಲ್ಲ ಎಂದು ಖಚಿತಪಡಿಸಿಕೊಂಡು ಹೇಳಿದರು: “ಮುಟ್ಟು ನಿಂತ್ಮೇಲೆ ಹಾರ್ಮೋನ್ ಕಮ್ಮಿಯಾಗಿ ಅಲ್ಲಿನ ಚರ್ಮ ತೆಳ್ಳಗಾಗಿದೆ. ನೀವು ಅದನ್ನೇ ತಿಕ್ಕಿ ತಿಕ್ಕಿ ತೊಳ್ದಿದೀರ. ನೋವಿಗೆ ಹೆದರಿ ಒಳಗಿನ ಸ್ನಾಯು ಬೇರೆ ಬಿಗಿದುಕೊಂಡಿದೆ.” ಔಷಧಿ ನೀರು, ಸಾಬೂನು ಬಂದ್ ಆಯಿತು. ಹಚ್ಚಲು ಹಾರ್ಮೋನ್ ಮುಲಾಮು, ಸ್ನಾಯು ಸಡಿಲಿಸಲು ಫಿಸಿಯೊಥೆರಪಿ.

“ಒಂದು ವಾರ ಸಾಕಾ?” ಎಂದೆ.

“ತಿಂಗಳುಗಳೇ ಬೇಕು. ಕಮ್ಮಿಗೆ ಬರಲ್ಲ” ಎಂದು ನಕ್ಕರು.

ಸಂಕ್ರಾಂತಿ ಹೊತ್ತಿಗೆ ವಿಮಲಾ ಮೇಡಂಗೆ ಸ್ಟೂಲಿನ ಮೇಲೆ ಕುಳಿತೇ ಕಣ ಅಳೆದುಕೊಟ್ಟೆ. ಅವರು ಬಟ್ಟೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದರು.

ಅಕ್ಕತಂಗಿಯರೇ, ಸೀರೆಗೆ ಎಷ್ಟಾದರೂ ಚೌಕಾಸಿ ಮಾಡಿ. ಡಾಕ್ಟರ ಮುಂದೆ ಎಂಟಿದ್ದರೆ ಎಂಟೇ ಅನ್ನಿ. ನನ್ನಂಗಡಿಯಲ್ಲೀಗ ಇನ್ನೊಂದು ಸ್ಟೂಲಿದೆ. ನನ್ನ ವಯಸ್ಸಿನ ಹೆಂಗಸರ್ಯಾರಾದರೂ “ಪರವಾಗಿಲ್ಲ, ನಿಂತೇ ಇರ್ತೀನಿ” ಎಂದರೆ, ಬಟ್ಟೆ ಬದಿಗಿಟ್ಟು ಮೆಲ್ಲಗೆ ಕೇಳುತ್ತೇನೆ: “ಯಾಕಮ್ಮ?”